ಕುಟುಂಬದವರು ಪಕ್ಕದಲ್ಲಿದ್ದರು

ಮಾರ್ಚ್ ೩, ಸೋಮವಾರ

ಶ್ರೀಮತ್ ಸಮಸ್ತ ಮಹಡಿಗಳ ಅಧಿಪತಿಗಳೂ, ಏರುವವರಿಗೂ ಇಳಿಯುವವರಿಗೂ ಸಮಾನ ಆಶ್ರಯದಾತರೂ, ಗ್ರೀಸಿನ ಕಲೆಗಳಿಂದ ಸರ್ವಾಂಗ ಭೂಷಿತರೂ, ಬಲಮೂಲೆಯ ಸುಟ್ಟ ಗಾಯವನ್ನು ಬಿರುದಿನಂತೆ ಧರಿಸಿದವರೂ ಆದ ಲಿಫ್ಟ್ ದೂರು ಪುಸ್ತಕ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ, ಈ ಮನೆಯ ಕೊನೆಯ ಹಾಗೂ ಅತ್ಯಂತ ನಿಷ್ಪ್ರಯೋಜಕ ಸಂತಾನವು ಅಡ್ಡಬಿದ್ದು ಮಾಡಿಕೊಳ್ಳುವ ಬಿನ್ನಹ.

ಪ್ರಭುಗಳೇ, ತಮ್ಮ ಮೊದಲ ನಲವತ್ತು ಪುಟಗಳಲ್ಲಿರುವುದು ಅಪ್ಪನ ಅಕ್ಷರ. ಅಪ್ಪ ಲಿಫ್ಟ್ ಮೆಕ್ಯಾನಿಕ್. ಪ್ರತಿ ಪುಟಕ್ಕೂ ಸ್ಕೇಲಿಟ್ಟು ಗೆರೆ ಎಳೆದು ಮೂರು ಕಾಲಂ ಮಾಡಿದ್ದಾರೆ: ದೂರು, ಕಂಡದ್ದು, ಮಾಡಿದ್ದು. ಆಮೇಲಿನ ಪುಟಗಳು ಖಾಲಿ, ಏಕೆಂದರೆ ಫೆಬ್ರವರಿ ಆರನೇ ತಾರೀಖು ಮಧ್ಯಾಹ್ನ ಮೂರು ಗಂಟೆ ಐದು ನಿಮಿಷಕ್ಕೆ ಅಪ್ಪ ತೀರಿಕೊಂಡರು. ಖಾಲಿ ಪುಟ ಹಾಳು ಮಾಡಬಾರದು ಎಂಬುದು ಅವರ ಸಿದ್ಧಾಂತವಾಗಿತ್ತು. ಆದ್ದರಿಂದ ಇವತ್ತಿನಿಂದ ದೂರು ನನ್ನದು.

ಮೊದಲಿಗೆ ಒಂದು ಸಂಗತಿಯನ್ನು ದಾಖಲಿಸಿಬಿಡುತ್ತೇನೆ. ಕೊನೆಯ ಗಳಿಗೆಯಲ್ಲಿ ಅಪ್ಪನ ಪಕ್ಕದಲ್ಲಿ ಇದ್ದವನು ನಾನು. ಎರಡು ದಿನದಿಂದ ಆಸ್ಪತ್ರೆಯ ಕುರ್ಚಿ ಬಿಟ್ಟೇಳದ ಅಮ್ಮನನ್ನು, ಸ್ನಾನ ಮಾಡಿ ಬರುವೆಯಂತೆ ಬಾ ಎಂದು ಅಕ್ಕ ಬಲವಂತದಿಂದ ಮನೆಗೆ ಕರೆದೊಯ್ದಿದ್ದಳು. ನಾನು ಅಪ್ಪನ ಕಿವಿಯ ಹತ್ತಿರ ಬಗ್ಗಿ, "ಲಿಫ್ಟ್ ಸಮಾಧಾನ ಆಯ್ತಾ ಸಾರ್?" ಎಂದೆ. ಅಪ್ಪ ನಕ್ಕರು. ಮೇಲಿನ ಸಾಲಿನ ಹಲ್ಲೆಲ್ಲ ಕಾಣುವಷ್ಟು ನಕ್ಕರು. ನಗುತ್ತಲೇ ಕಣ್ಣು ಮುಚ್ಚಿದರು.

ಬರೆದದ್ದಾಯಿತು. ನನ್ನ ವೃತ್ತಿಯಲ್ಲಿ ಬರೆದದ್ದು ಮಾತ್ರ ನಡೆದದ್ದು.

ಮಾರ್ಚ್ ೫, ಬುಧವಾರ

ವೃತ್ತಿಯ ಬಗ್ಗೆ ಅರಿಕೆ ಮಾಡಿಕೊಳ್ಳದಿದ್ದರೆ ಮುಂದಿನ ದೂರುಗಳು ಪ್ರಭುಗಳಿಗೆ ಅರ್ಥವಾಗಲಾರವು.

ನಾನು ಮೆಡಿಕಲ್ ಕೋಡರ್. ಆಸ್ಪತ್ರೆಗಳು ರೋಗಿಗಳ ಫೈಲನ್ನು ಕಂಪನಿಗೆ ಕಳಿಸುತ್ತವೆ, ಕಂಪನಿ ನನ್ನ ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ. ಡಾಕ್ಟರು ಬರೆದದ್ದನ್ನೆಲ್ಲ ಓದಿ, ಒಂದೊಂದು ಕಾಯಿಲೆಗೂ ಒಂದೊಂದು ಚಿಕಿತ್ಸೆಗೂ ದಪ್ಪ ಪುಸ್ತಕದಲ್ಲಿರುವ ಸಂಖ್ಯೆಯನ್ನು ಹುಡುಕಿ ಹಾಕುವುದು ನನ್ನ ಕೆಲಸ. ಆ ಸಂಖ್ಯೆ ನೋಡಿಯೇ ವಿಮೆಯವರು ಬಿಲ್ಲನ್ನು ಒಪ್ಪುತ್ತಾರೆ, ಇಲ್ಲವೇ ವಾಪಸು ಎಸೆಯುತ್ತಾರೆ. ಅಮ್ಮ ಬಂದವರ ಹತ್ತಿರ, ಅವನು ಮನೆಯಲ್ಲೇ ಕೂತು ಆಸ್ಪತ್ರೆ ನಡೆಸುತ್ತಾನೆ ಎನ್ನುತ್ತಾಳೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಅಕ್ಕನ ಪ್ರಕಾರ ನಾನು ಕಾಯಿಲೆಗಳಿಗೆ ನಂಬರ್ ಪ್ಲೇಟ್ ಬಡಿಯುವವನು.

ಮನೆಯಲ್ಲಿ ಕೂತರೂ ಶಾಸನಗಳು ಕಠಿಣ. ಕೋಣೆಯ ಬಾಗಿಲು ಹಾಕಿರಬೇಕು. ಮೇಜಿನ ಮೇಲೆ ಕಾಗದ, ಪೆನ್ನು ಇರಕೂಡದು. ಡಾಕ್ಟರು ಬರೆಯದೇ ಇದ್ದದ್ದು ನಡೆದೇ ಇಲ್ಲ. ರೋಗಿಗೆ ಎರಡು ಕಾಲೂ ಮುರಿದಿರಲಿ, ಫೈಲಿನಲ್ಲಿ ಒಂದು ಕಾಲು ಎಂದಿದ್ದರೆ ಒಂದೇ ಕಾಲು. ಗುರುತಿನವರ ಫೈಲೇನಾದರೂ ಬಂದರೆ ಮೊದಲ ಪುಟದಲ್ಲೇ ನಿಲ್ಲಿಸಿ, ಪರದೆಯ ಮೂಲೆಯಲ್ಲಿರುವ ಕೆಂಪು ಗುಂಡಿ ಒತ್ತಬೇಕು. ಫೈಲು ತಕ್ಷಣ ಬೇರೆಯವರ ಪಾಲಾಗುತ್ತದೆ.

ವಿನೋದಕ್ಕೂ ಬರವಿಲ್ಲ. ಪುಸ್ತಕದಲ್ಲಿ ಬಾತುಕೋಳಿ ಬಡಿದರೆ ಒಂದು ಸಂಖ್ಯೆ, ಗಿಳಿ ಕಚ್ಚಿದರೆ ಇನ್ನೊಂದು, ದೀಪದ ಕಂಬಕ್ಕೆ ತಾನಾಗಿಯೇ ಹೋಗಿ ಡಿಕ್ಕಿ ಹೊಡೆದರೆ ಮತ್ತೊಂದು. ನಾನು ನಕಲು ಡಾಕ್ಟರು ಎಂದು ನಾಮಕರಣ ಮಾಡಿರುವ ಮಹಾನುಭಾವರೊಬ್ಬರಿದ್ದಾರೆ. ಒಮ್ಮೆ ಬರೆದ ಸಾಲನ್ನೇ ಎಲ್ಲ ಫೈಲಿಗೂ ಅಂಟಿಸುವುದು ಅವರ ವ್ರತ. ಅವರ ಕೈಯಲ್ಲಿ ಯಾರೂ ನರಳಿ ಸತ್ತ ದಾಖಲೆಯಿಲ್ಲ. ಎಲ್ಲರದೂ ಒಂದೇ: "ಶಾಂತವಾಗಿ ಕೊನೆಯುಸಿರೆಳೆದರು. ಕುಟುಂಬದವರು ಪಕ್ಕದಲ್ಲಿದ್ದರು." ಮೊದಲ ಪುಟದಲ್ಲಿ 'ಸಂಬಂಧಿಕರು ಯಾರೂ ಇಲ್ಲ' ಎಂದಿದ್ದ ಮುದುಕನಿಗೂ ಕೊನೆಯ ಪುಟದಲ್ಲಿ ಅವರು ಒಂದು ಕುಟುಂಬವನ್ನು ದಯಪಾಲಿಸಿದ್ದರು.

ಇದನ್ನು ಹೇಳಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಪ್ಪ ಮಾತ್ರ "ಹೂಂ" ಎಂದಿದ್ದರು.

ಮಾರ್ಚ್ ೬, ಗುರುವಾರ

ಆ "ಹೂಂ" ಬಗ್ಗೆ.

ಇಪ್ಪತ್ನಾಲ್ಕು ವರ್ಷದಲ್ಲಿ ನನ್ನ ಒಂದೇ ಒಂದು ಜೋಕಿಗೆ ಅಪ್ಪ ನಕ್ಕವರಲ್ಲ. ನಾನು ಸೋಲೊಪ್ಪಿದವನೂ ಅಲ್ಲ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನೆಯವರಿಗೆಲ್ಲ ರೋಗನಿರ್ಣಯ ಮಾಡಿ ಚೀಟಿ ಅಂಟಿಸಿದ್ದೆ. ಅಮ್ಮನ ಹೊಲಿಗೆ ಮೆಷಿನ್ನಿನ ಮೇಲೆ 'ಪರದೆ ಹೊಲಿಯುವಾಗ ಮಾತ್ರ ಕಿವುಡುತನ'. ಅಕ್ಕನ ಕಾರಿನ ಮೇಲೆ 'ಎದುರಿಗಿರುವ ಎಲ್ಲರನ್ನೂ ಬೈಯುವ ಚಟ, ದೀರ್ಘಕಾಲದ್ದು'. ಅಪ್ಪನ ಅಂಗಿಯ ಬೆನ್ನಿಗೆ 'ನಗೆಯ ಅಭಾವ, ಹುಟ್ಟಿನಿಂದ ಬಂದದ್ದು, ಔಷಧಿ ಇಲ್ಲ'. ಅಪ್ಪ ಆ ಚೀಟಿ ಹೊತ್ತುಕೊಂಡೇ ಕೆಲಸಕ್ಕೆ ಹೋಗಿ, ಏಳು ಕಟ್ಟಡ ಸುತ್ತಿ, ಸಂಜೆ ಮನೆಗೆ ಬಂದು, ಅಂಗಿ ಬಿಚ್ಚುತ್ತಾ ಹೇಳಿದ್ದು ಒಂದೇ ಮಾತು: "ಗೋಂದು ಚೆನ್ನಾಗಿತ್ತು."

ಇನ್ನೊಂದು ಸಲ ಗಿರಾಕಿಯ ದನಿಯಲ್ಲಿ ಫೋನ್ ಮಾಡಿ, ಲಿಫ್ಟು ಮುನಿಸಿಕೊಂಡು ಐದನೇ ಮಹಡಿಯಲ್ಲಿ ಕೂತಿದೆ, ಎಷ್ಟು ಕರೆದರೂ ಕೆಳಗೆ ಬರುತ್ತಿಲ್ಲ ಎಂದೆ. ಅಪ್ಪ ಗಂಭೀರವಾಗಿ, ಮನೆಯಲ್ಲಿ ಜಗಳವಾಗಿತ್ತೇ, ಊಟ ಬಿಟ್ಟಿದೆಯೇ ಎಂದೆಲ್ಲ ವಿಚಾರಿಸಿ ಫೋನಿಟ್ಟರು. ಪ್ರಭುಗಳೇ, ತಮ್ಮ ಹನ್ನೆರಡನೇ ಪುಟ ನೋಡಿಕೊಳ್ಳಿ. ದೂರು: ಲಿಫ್ಟ್ ಮುನಿಸಿಕೊಂಡಿದೆ. ಕಂಡದ್ದು: ಗಿರಾಕಿಯ ದನಿ ನಮ್ಮ ಮನೆಯದು. ಮಾಡಿದ್ದು: ನಾಳೆ ಹೋಗಿ ಸಮಾಧಾನ ಮಾಡುವುದು.

ನಗಲಿಲ್ಲ. ಅಂಥವರನ್ನು ಕೊನೆಗೂ ನಗಿಸಿದೆ ಎಂದರೆ ಸಾಮಾನ್ಯ ಸಾಧನೆಯೇ?

ಮಾರ್ಚ್ ೯, ಭಾನುವಾರ

ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಬಂದಿದ್ದರು. ಅಮ್ಮ ನೀರು ತಂದುಕೊಟ್ಟು, ಎದುರಿಗೆ ಕೂತು, ನನ್ನನ್ನು ಕರೆದಳು. "ಅವತ್ತಿನದು ಹೇಳೋ ಮರಿ, ಇವರಿಗೂ ಹೇಳು."

ಹೇಳಿದೆ. ಇದು ಹನ್ನೊಂದನೇ ಪ್ರದರ್ಶನ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದೆಲ್ಲ ಈಗ ಕೈವಶವಾಗಿದೆ. ಹಲ್ಲು ಕಂಡ ಜಾಗಕ್ಕೆ ಬಂದಾಗ ಅಮ್ಮನ ತುಟಿ ನನ್ನ ಜೊತೆಗೇ ಅಲುಗುತ್ತದೆ. ಮುಗಿದ ಮೇಲೆ ಅವಳು ಪ್ರತಿ ಸಲವೂ ಹೇಳುವುದು ಇಷ್ಟೇ: "ನಾನು ಆ ಹಾಳು ಸ್ನಾನಕ್ಕೆ ಬಂದೆ. ಇವನಾದ್ರೂ ಇದ್ನಲ್ಲ."

ಬಂದವರು ಹೋದ ಮೇಲೆ ಅಕ್ಕ ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದಳು. "ಲೋ ಮಂಗ, ಆ ಲಿಫ್ಟ್ ಜೋಕನ್ನ ಅಪ್ಪ ನೂರು ಸಲ ಕೇಳಿದಾರೆ. ಒಂದು ಸಲಾನೂ ನಗದೇ ಇದ್ದೋರು ಅವತ್ತು ಹೆಂಗೋ ನಕ್ರು?"

"ನಿರಂತರ ಅಭ್ಯಾಸ," ಎಂದೆ.

ಅಕ್ಕ ಗೇರ್ ಬದಲಾಯಿಸುವ ಮೊದಲು ಕನ್ನಡಿ ನೋಡುವಂತೆ ನನ್ನ ಮುಖ ನೋಡಿದಳು.

ಅಪ್ಪ ಆಸ್ಪತ್ರೆ ಸೇರಿದ ದಿನ ಅಮ್ಮ ಹೊಲಿಗೆ ಮೆಷಿನ್ ಮೇಲೆ ಹೊದಿಸಿದ ಬೆಡ್‌ಶೀಟು ಇನ್ನೂ ಹಾಗೇ ಇದೆ. ಅರ್ಧ ಹೊಲಿದ ನೀಲಿ ಪರದೆಯೊಂದು ಸೂಜಿಯ ಕೆಳಗೆ ಸಿಕ್ಕಿಕೊಂಡಿದೆ.

ಮಾರ್ಚ್ ೧೦, ಸೋಮವಾರ

ನಲವತ್ತೊಂದು ಫೈಲು. ಗಿಳಿ ಇಲ್ಲ. ಒಳ್ಳೆಯದೇ ಆಯಿತು.

ಮಾರ್ಚ್ ೧೪, ಶುಕ್ರವಾರ

ಪ್ರಭುಗಳೇ, ಗಂಡಾಂತರ.

ಊಟದ ಮಧ್ಯೆ ಅಕ್ಕ ಸುಮ್ಮನೆ ಕೇಳಿದಳು: ಅಪ್ಪ ಇದ್ದ ಆಸ್ಪತ್ರೆಯವರ ಫೈಲೂ ನಿಮ್ಮ ಕಂಪನಿಗೇ ಬರುವುದಲ್ಲವೇ? ಹೌದು, ಬರುತ್ತದೆ. ಡಿಸ್ಚಾರ್ಜ್ ಆಗಿ, ಇಲ್ಲವೇ ಬೇರೆ ರೀತಿಯಲ್ಲಿ ಹೊರಗೆ ಹೋಗಿ, ಸುಮಾರು ಆರೇಳು ವಾರಕ್ಕೆ ಬರುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿರುವುದನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ, ಅಷ್ಟೇ.

ಅಮ್ಮ ತಟ್ಟೆಯ ಮೇಲೆ ಕೈಯಿಟ್ಟು ಕೂತುಬಿಟ್ಟಳು. "ಅದರಲ್ಲಿ ಎಲ್ಲಾ ಬರ್ದಿರ್ತಾರಾ? ಕೊನೇದೂ?"

ಎಲ್ಲ ಬರೆದಿರುತ್ತಾರೆ, ಆದರೆ ನಾನು ನೋಡುವ ಹಾಗಿಲ್ಲ ಎಂದು ಕೆಂಪು ಗುಂಡಿಯ ಶಾಸನವನ್ನು ರಾಗವಾಗಿ ವಿವರಿಸಿದೆ. ಅಮ್ಮನಿಗೆ ಅದೇನೂ ಕಿವಿಗೆ ಬೀಳಲಿಲ್ಲ. ನಾನು ಹೇಳಿದ್ದರಲ್ಲಿ ಅವಳಿಗೇನೂ ಅನುಮಾನವಿಲ್ಲವಂತೆ. ಆದರೂ ಡಾಕ್ಟರು ತಮ್ಮ ಕೈಯಾರೆ ಏನು ಬರೆದಿದ್ದಾರೆ ಎಂದು ಒಂದು ಸಲ ಕೇಳಬೇಕಂತೆ. ಕೇಳಿಬಿಟ್ಟರೆ ಎದೆಯ ಮೇಲಿನ ಕಲ್ಲು ಇಳಿಯುತ್ತದಂತೆ.

"ಕೊನೇ ಪುಟ ಮಾತ್ರ ಸಾಕು. ಬಂದ ದಿನ ನೀನೇ ಓದಿ ಹೇಳು ಮರಿ."

ನಾನೇಕೆ ಹೆದರಬೇಕು? ಅಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತು. ನಾನು ಪಕ್ಕದಲ್ಲೇ ಇದ್ದೆ. ಮೂರನೇ ತಾರೀಖಿನ ಪುಟ ನೋಡಿಕೊಳ್ಳಿ.

ಮಾರ್ಚ್ ೧೮, ಮಂಗಳವಾರ

ತಪಾಸಣಾ ಮೇಡಂ ಅವರ ಮಾಸಿಕ ಉಪದೇಶ. ಇವರನ್ನು ನಾನು ಕಂಡದ್ದಿಲ್ಲ, ದನಿ ಮಾತ್ರ ಪರಿಚಯ. ನಾವು ಮಾಡಿದ ಫೈಲುಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಕ್ಕಿ ತಪ್ಪು ಹುಡುಕುವುದು ಅವರ ಜೀವಿತೋದ್ದೇಶ. ಇವತ್ತಿನ ವಿಷಯ: ದಾಖಲೆಯಲ್ಲಿ ತಪ್ಪಾದರೆ ಏನು ಮಾಡಬೇಕು. ಅಳಿಸಕೂಡದು. ಬಿಳಿ ಬಳಿಯಕೂಡದು. ತಪ್ಪಾದ ಸಾಲು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಕೆಳಗೆ 'ತಡವಾದ ಟಿಪ್ಪಣಿ' ಎಂದು ತಾರೀಖು ಹಾಕಿ ಸರಿಯಾದದ್ದನ್ನು ಬರೆಯಬೇಕು.

ಅಪ್ಪನೂ ಹಾಗೇ ಮಾಡುತ್ತಿದ್ದರು. ಇಪ್ಪತ್ತಾರನೇ ಪುಟ. 'ಮೋಟಾರು ಸುಟ್ಟಿದೆ' ಎಂಬುದಕ್ಕೆ ಒಂದು ಗೆರೆ. ಕೆಳಗೆ: 'ಇಲ್ಲ. ನಾನು ಸರಿಯಾಗಿ ನೋಡಿರಲಿಲ್ಲ.'

ಇವತ್ತೊಂದು ಫೈಲಿಗೆ ಬೇಕಾಗಿ ಆ ಸಂಖ್ಯೆಯನ್ನು ಹುಡುಕಿದೆ: 'ಕುಟುಂಬದ ಸದಸ್ಯರ ಕಣ್ಮರೆ ಮತ್ತು ಸಾವು'. ಎರಡಕ್ಕೂ ಒಂದೇ ಸಂಖ್ಯೆ. ಗಿಳಿ ಕಚ್ಚಿದ್ದಕ್ಕೂ ಗಿಳಿ ಬಡಿದದ್ದಕ್ಕೂ ಬೇರೆ ಬೇರೆ ಸಂಖ್ಯೆ ಇಟ್ಟ ಪುಣ್ಯಾತ್ಮರು ಇಲ್ಲಿ ಮಾತ್ರ ಯಾಕೆ ಕೈಬಿಟ್ಟರೋ.

ಮಾರ್ಚ್ ೨೦, ಗುರುವಾರ

ಅಮ್ಮ ಬಾಗಿಲು ತಟ್ಟಿ, ತೆರೆಯದೆ, ಆಚೆಯಿಂದಲೇ ಕೇಳಿದಳು: "ಬಂತಾ?"

ಇಲ್ಲ.

ಮಾರ್ಚ್ ೨೧, ಶುಕ್ರವಾರ

"ಬಂತಾ?" ಇಲ್ಲ.

ಮಾರ್ಚ್ ೨೪, ಸೋಮವಾರ

ಸಂಜೆ ಅಕ್ಕ ಬಂದು ತನ್ನ ಹೊಸ ಶಿಷ್ಯರೊಬ್ಬರ ಕಥೆ ಹೇಳಿದಳು. ಅರವತ್ತು ದಾಟಿದ ಹೆಂಗಸು. ಮೊದಲ ಪಾಠದ ದಿನ ಬ್ರೇಕ್ ಒತ್ತಿ ಅಂದರೆ, ನೀವು ಮೊದಲು ಗಟ್ಟಿಯಾಗಿ ಹೇಳಬೇಡಿ, ಕಾರಿಗೆ ಭಯವಾಗುತ್ತದೆ ಎಂದರಂತೆ. ಆಮೇಲೆ ಕಾರಿನ ಸ್ಟಿಯರಿಂಗ್ ತಟ್ಟಿ, ಏನಿಲ್ಲ ಕಂದ, ಏನಿಲ್ಲ ಎಂದು ಸಂತೈಸಿ, ನಿಧಾನಕ್ಕೆ ಗೋಡೆಗೆ ಗುದ್ದಿದರಂತೆ.

ಅಮ್ಮ ಕೂಡ ಸ್ವಲ್ಪ ನಕ್ಕಳು. ಅಕ್ಕ ನನ್ನ ಕಡೆ ತಿರುಗಿ ಕಾಯುತ್ತಿದ್ದಳು.

"ಹೂಂ," ಎಂದೆ.

ಇಬ್ಬರೂ ಯಾಕೋ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಚಳಿ ಎನಿಸಿ ಗೂಟಕ್ಕಿದ್ದ ಕಂದು ಸ್ವೆಟರ್ ಹಾಕಿಕೊಂಡು ಒಳಗೆ ಹೋದೆ. ಅಪ್ಪನದು, ತೋಳು ನನಗೆ ಉದ್ದ. ತಿಂಗಳಿಂದ ಅದನ್ನೇ ಹಾಕುತ್ತಿದ್ದೇನೆ. ಬೇರೆಯವನ್ನು ಒಗೆಯಲು ಹಾಕಿರುವುದರಿಂದ.

ಮಾರ್ಚ್ ೨೭, ಗುರುವಾರ

ಬಂತು. ಬೆಳಿಗ್ಗೆ ಹತ್ತೂಮುಕ್ಕಾಲಿಗೆ. ಹದಿನಾಲ್ಕನೆಯ ಫೈಲು.

ಗುಂಡಿ ಒತ್ತಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಇವತ್ತು ಯಾರನ್ನೂ ಪ್ರಭುಗಳೇ ಎಂದು ಕರೆಯುವುದಿಲ್ಲ.

ನೂರಾ ಹನ್ನೆರಡು ಪುಟ ಇತ್ತು. ಅಪ್ಪನ ಹೆಸರು, ವಯಸ್ಸು, ತೂಕ. 'ವೃತ್ತಿ: ಲಿಫ್ಟ್' ಎಂದು ಯಾರೋ ಬರೆದಿದ್ದರು, ಅಪ್ಪನೇ ಲಿಫ್ಟು ಎನ್ನುವ ಹಾಗೆ. ಅಭ್ಯಾಸಬಲ, ಓದುತ್ತಾ ಓದುತ್ತಾ ಮನಸ್ಸು ತಾನೇ ಸಂಖ್ಯೆ ಹಾಕಿಕೊಂಡು ಹೋಯಿತು. ಹೃದಯಕ್ಕೊಂದು, ಶ್ವಾಸಕೋಶಕ್ಕೊಂದು, ಮೂತ್ರಪಿಂಡಕ್ಕೊಂದು. ಒಂದೂ ತಪ್ಪಿರಲಾರದು.

ಕೊನೆಯಲ್ಲಿ ಎರಡು ಸಾಲು ಸಿಕ್ಕಿದವು. ಬೀರುವಿನಿಂದ ಈ ಪುಸ್ತಕವನ್ನೂ ಪೆನ್ನನ್ನೂ ತಂದು, ಮೇಜಿನ ಮೇಲೆ ಇಡಬಾರದ ಜಾಗದಲ್ಲಿಟ್ಟು, ಎರಡನ್ನೂ ನಕಲು ಮಾಡಿಕೊಂಡೆ.

ಒಂದು, ಡಾಕ್ಟರದು:

'ಶಾಂತವಾಗಿ ಕೊನೆಯುಸಿರೆಳೆದರು. ಕುಟುಂಬದವರು ಪಕ್ಕದಲ್ಲಿದ್ದರು.'

ಕೆಳಗೆ ಸಹಿ. ಅವರೇ. ನಕಲು ಡಾಕ್ಟರು. ಅಪ್ಪನಿಗೂ ಅದನ್ನೇ ಅಂಟಿಸಿದ್ದರು.

ಇನ್ನೊಂದು, ನರ್ಸ್ ಬರೆದದ್ದು:

'೨.೪೦. ರೋಗಿ ಎಚ್ಚರ. ಮಗ ಹೊರಗೆ ಬೆಂಚಿನ ಮೇಲೆ, ಲ್ಯಾಪ್‌ಟಾಪ್ ಜೊತೆ. ಕರೆಯಲೇ ಎಂದು ಕೇಳಿದೆ. ಬೇಡ, ನಗ್ತಿದಾನೆ, ನಗಲಿ ಎಂದರು. ೩.೦೫. ನಾಡಿ ಇಲ್ಲ. ಮಗನಿಗೆ ತಿಳಿಸಲಾಯಿತು.'

ಮೂರನೇ ತಾರೀಖು ನಾನು ಬರೆದದ್ದು ಸುಳ್ಳು. ಕಿವಿಯ ಹತ್ತಿರ ಬಗ್ಗಿದ್ದು, ಜೋಕು ಹೇಳಿದ್ದು, ಹಲ್ಲು ಕಂಡದ್ದು, ಎಲ್ಲ.

ನಾನು ಬೆಂಚಿನ ಮೇಲಿದ್ದೆ. ಅಪ್ಪ ನಿದ್ದೆ ಹೋಗಿದ್ದರು. ಮೂರು ದಿನದಿಂದ ಕೆಲಸ ಉಳಿದಿತ್ತು, ನಾಲ್ಕು ಫೈಲು ಮುಗಿಸಿ ಬಂದುಬಿಡೋಣ ಎಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೊರಗೆ ಹೋಗಿದ್ದೆ. ಎರಡನೆಯದೇ ಗಿಳಿ. ಅರವತ್ತೊಂದು ವರ್ಷದ ಗಂಡಸು, ಗಿಳಿಗೆ ತನ್ನ ಹೆಸರು ಕಲಿಸಲು ಹೋಗಿ ಮೂಗು ಕಚ್ಚಿಸಿಕೊಂಡಿದ್ದ. 'ಗಿಳಿ ಈವರೆಗೆ ಹೆಸರು ಹೇಳಿಲ್ಲ' ಎಂದು ಡಾಕ್ಟರು ಕೊನೆಗೊಂದು ಷರಾ ಬರೆದಿದ್ದರು. ಎರಡು ವರ್ಷ ಕಾದಿದ್ದೆ ಒಂದು ಗಿಳಿಗಾಗಿ. ಇದನ್ನು ಅಪ್ಪನಿಗೆ ಹೇಗೆ ಹೇಳಬೇಕು, ಮೂಗನ್ನು ಮೊದಲು ಹೇಳಬೇಕೋ ಗಿಳಿಯನ್ನೋ ಎಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಾ ಒಬ್ಬನೇ ನಗುತ್ತಿದ್ದೆ. ಗಟ್ಟಿಯಾಗಿ ನಗುತ್ತಿದ್ದೆ ಎಂದು ಈಗ ತಿಳಿಯಿತು. ಬಾಗಿಲು ಹಾಕಿತ್ತು, ಆದರೂ ಒಳಗೆ ಕೇಳಿಸಿದೆ.

ನರ್ಸ್ ಹೊರಗೆ ಬಂದಾಗ ನನ್ನ ಮುಖದ ಮೇಲೆ ನಗು ಇನ್ನೂ ಇತ್ತು. ಅದು ಇಳಿಯುವ ಮೊದಲೇ ಅವಳು ಹೇಳಿದಳು.

ಇಪ್ಪತ್ತೈದು ನಿಮಿಷ.

ಅಮ್ಮ ಮಧ್ಯಾಹ್ನ ಬಾಗಿಲು ತಟ್ಟಿದಳು. ಬಂದಿಲ್ಲ ಎಂದೆ.

ಮಾರ್ಚ್ ೩೧, ಸೋಮವಾರ

ತಪಾಸಣಾ ಮೇಡಂ ಫೋನ್ ಮಾಡಿದರು. ಗುರುವಾರ ಒಂದು ಫೈಲು ನಲವತ್ತೇಳು ನಿಮಿಷ ತೆರೆದೇ ಇತ್ತು, ಒಂದೂ ಸಂಖ್ಯೆ ಹಾಕಿಲ್ಲ, ಯಾಕೆ ಎಂದರು. ಇಂಟರ್‌ನೆಟ್ ಕೈಕೊಟ್ಟಿತು ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು.

"ಅಪ್ಪಂದು ಮೇಡಂ."

ಅವರ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿರುವುದು ಕೇಳಿಸುತ್ತಿತ್ತು. ಅವರೂ ಮನೆಯಿಂದಲೇ ಕೆಲಸ ಮಾಡುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಗುಂಡೀನ ಕೆಂಪಗೆ ಮಾಡಿರೋದು ಕಾಣಲಿ ಅಂತ ಕಣಪ್ಪ," ಎಂದರು. ಬೈದ ಹಾಗಿರಲಿಲ್ಲ. ವರದಿ ಮಾಡದೆ ಬಿಡುವ ಹಾಗಿಲ್ಲ, ಒಂದು ಎಚ್ಚರಿಕೆ ಪತ್ರ ಬರುತ್ತದೆ, ಗೋಪ್ಯತೆಯ ಪಾಠ ಮತ್ತೆ ಕಲಿತು ಪರೀಕ್ಷೆ ಬರೆಯಬೇಕು ಎಂದರು. ಆ ಫೈಲನ್ನು ಬೇರೆ ಯಾರಿಗೂ ಕೊಡದೆ ತಾವೇ ಮಾಡುತ್ತಾರಂತೆ.

ಫೋನಿಡುವ ಮುಂಚೆ ನಾನೇ ಕೇಳಿದೆ: ಡಾಕ್ಟರು ಒಂದು ಬರೆದು, ನರ್ಸ್ ಇನ್ನೊಂದು ಬರೆದಿದ್ದರೆ ಯಾವುದನ್ನು ತೆಗೆದುಕೊಳ್ಳಬೇಕು ಮೇಡಂ? ಇದು ಮೊದಲ ವಾರ ಕಲಿಸುವ ಪಾಠ. ಅವರಿಗೂ ಗೊತ್ತು, ನನಗೂ ಗೊತ್ತು.

"ಡಾಕ್ಟರದ್ದು," ಎಂದರು. ಸ್ವಲ್ಪ ತಡೆದು, "ಕೋಡಿಂಗಿಗೆ," ಎಂದು ಸೇರಿಸಿದರು.

ಏಪ್ರಿಲ್ ೩, ಗುರುವಾರ

ಗೋಪ್ಯತಾ ಪರೀಕ್ಷೆ. ಇಪ್ಪತ್ತು ಪ್ರಶ್ನೆ. ಏಳನೆಯದು: ನಿಮ್ಮ ಹತ್ತಿರದ ಸಂಬಂಧಿಯ ಫೈಲು ನಿಮಗೆ ಬಂದರೆ ಏನು ಮಾಡುತ್ತೀರಿ? ಅ) ಬೇಗ ಬೇಗ ಓದಿ ಮುಗಿಸುತ್ತೇನೆ. ಆ) ಮನೆಯವರಿಗೆ ತಿಳಿಸುತ್ತೇನೆ. ಇ) ತೆರೆಯದೆ ಹಿಂದಿರುಗಿಸುತ್ತೇನೆ. ಈ) ಮೇಲಿನ ಯಾವುದೂ ಅಲ್ಲ.

ಇಪ್ಪತ್ತಕ್ಕೆ ಇಪ್ಪತ್ತು. ಪ್ರಮಾಣಪತ್ರದಲ್ಲಿ ಒಂದು ನಕ್ಷತ್ರವೂ ಇದೆ. ಅಪ್ಪನಿದ್ದಿದ್ದರೆ ಚೌಕಟ್ಟು ಹಾಕಿಸಿ ಲಿಫ್ಟಿನೊಳಗೆ ತೂಗುಹಾಕು ಎನ್ನುತ್ತಿದ್ದರೋ ಏನೋ. ನಗದೇ ಹೇಳುತ್ತಿದ್ದರು.

ಈಚೆಗೆ ಒಂದು ಯೋಚನೆ ಬಂದು ಹೋಗುತ್ತಿದೆ. ಗೋಂದು ಚೆನ್ನಾಗಿತ್ತು ಎಂದಾಗ, ಊಟ ಬಿಟ್ಟಿದೆಯೇ ಎಂದು ಕೇಳಿದಾಗ, ಆಟ ಆಡಿಸುತ್ತಿದ್ದವರು ಯಾರು?

ಅಮ್ಮ ಇವತ್ತು ಬಾಗಿಲು ತಟ್ಟಲಿಲ್ಲ. ಬಾಗಿಲ ಹತ್ತಿರ ಬಂದು ನಿಂತು ವಾಪಸು ಹೋದಳು. ಕೆಳಗಿನ ಸಂದಿನಲ್ಲಿ ಅವಳ ನೆರಳು ಕಂಡಿತು.

ಏಪ್ರಿಲ್ ೬, ಭಾನುವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಹನ್ನೊಂದಕ್ಕೆ. ಅಮ್ಮ ಕಿಟಕಿಯ ಪಕ್ಕ,  ಮುಚ್ಚಿದ ಮೆಷಿನ್ನಿನ ಎದುರಿಗೆ ಸುಮ್ಮನೆ ಕೂತಿದ್ದಳು. ಹೋಗಿ ನೆಲದ ಮೇಲೆ ಕೂತೆ. ಫೈಲು ಬಂತು, ನೋಡಬಾರದಿತ್ತು, ನೋಡಿದೆ, ಬರೆದುಕೊಂಡಿದ್ದೇನೆ ಎಂದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು, ಕೈಯಲ್ಲಿ ಏನೂ ಇರಲಿಲ್ಲ.

ನರ್ಸ್ ಬರೆದದ್ದನ್ನು ಓದಿದೆ. ಒಂದಕ್ಷರ ಬಿಡದೆ ಓದಿದೆ. ಬೆಂಚು, ಲ್ಯಾಪ್‌ಟಾಪ್, ಎರಡು ನಲವತ್ತು, ಮೂರು ಐದು. ಆಮೇಲೆ ಅಮ್ಮನ ಮುಖ ನೋಡದೆ, ಗಿಳಿಯನ್ನೂ ಹೇಳಿದೆ. ನಾನು ಒಳಗೆ ಇರಲಿಲ್ಲಮ್ಮ, ಹನ್ನೊಂದು ಸಲ ಸುಳ್ಳು ಹೇಳಿದೆ ಎಂದೆ.

ಅಮ್ಮ ಬಹಳ ಹೊತ್ತು ಬೆಡ್‌ಶೀಟಿನ ಅಂಚನ್ನು ಮಡಿಸುತ್ತಿದ್ದಳು.

"ನಗ್ತಿದಾನೆ ಅಂದ್ರಾ?"

"ಹೂಂ."

"ಇನ್ನೇನಂದ್ರು?"

"ನಗಲಿ ಅಂದ್ರಂತೆ."

ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು. "ಬಾಗಿಲು ಹಾಕಿದ್ರೂ ನಿನ್ನ ನಗು ಕೇಳ್ಸತ್ತೆ ಅಂತ ಅವರು ಯಾವಾಗ್ಲೂ ಗೊಣಗೋರು. ನೀನು ಊರಲ್ಲಿಲ್ಲದ ದಿನ, ಮನೆ ಯಾಕೋ ಕೆಟ್ಟು ನಿಂತಂಗಿದೆ ಅನ್ನೋರು." ಆಮೇಲೆ ಮೂಗೆಳೆದುಕೊಂಡು, "ನಾನೂ ಇರ್ಲಿಲ್ಲ, ನೀನೂ ಇರ್ಲಿಲ್ಲ. ಸರಿಹೋಯ್ತು ಬಿಡು. ಆ ಗಿಳಿ ಕಥೆ ಇನ್ನೊಂದ್ಸಲ ಹೇಳು," ಎಂದಳು.

ಹೇಳಿದೆ. ಮೂಗನ್ನು ಮೊದಲು ಹೇಳಿದೆ. ಇಬ್ಬರೂ ನಕ್ಕೆವು, ಅತ್ತೆವು. ಅಪ್ಪನ ಕೊನೆಯ ಮಾತು ಈಗ ಅಮ್ಮನ ಹತ್ತಿರವೂ ಇದೆ.

ದೂರು: ಮಗ ಸುಳ್ಳು ಹೇಳಿದ್ದಾನೆ. ಕಂಡದ್ದು: ನಿಜ. ಮಾಡಿದ್ದು: ಹೇಳಿಕೊಂಡು ಸರಿಪಡಿಸಲಾಗಿದೆ. ಸಹಿ.

ಏಪ್ರಿಲ್ ೭, ಸೋಮವಾರ

ತಡವಾದ ಟಿಪ್ಪಣಿ.

ನಿನ್ನೆಯ ಪುಟದ ಮೇಲೆ, ಓದಲು ಸಿಗುವಂತೆ, ಒಂದೇ ಗೆರೆ ಎಳೆದಿದ್ದೇನೆ. 'ನರ್ಸ್ ಬರೆದದ್ದನ್ನು ಓದಿದೆ' ಎಂಬಲ್ಲಿಂದ ಸಹಿಯವರೆಗೆ.

ತಿದ್ದುಪಡಿ ಸಣ್ಣದು. ನೆಲದ ಮೇಲೆ ಕೂತದ್ದು ನಿಜ, ಪುಸ್ತಕ ತೆರೆದದ್ದೂ ನಿಜ. ಎರಡು ಸಾಲೂ ಎದುರಿಗೇ ಇದ್ದವು. ಓದಿದ್ದು ಡಾಕ್ಟರದ್ದು.

ಅಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಎದ್ದು ಮೆಷಿನ್ನಿನ ಮೇಲಿನ ಬೆಡ್‌ಶೀಟು ತೆಗೆದು ಮಡಿಸಿಟ್ಟಳು. ಸೂಜಿಯ ಕೆಳಗಿನ ನೀಲಿ ಪರದೆಯನ್ನು ನೇರ ಮಾಡಿಕೊಂಡು, ಇನ್ನೊಂದ್ಸಲ ಓದು ಮರಿ ಎಂದಳು.

ಓದಿದೆ.